ಹತ್ತು ಸಾವಿರ ಹೆಜ್ಜೆ, ಒಂದು ಬಾಣಲೆ ಹಾಲುಬಾಯಿ

ಚಿಕ್ಕಮಗಳೂರಿನಲ್ಲಿ ಬೆಳಗಿನ ನಡಿಗೆಗೆ ಸಾಕ್ಷಿಗಳ ಕೊರತೆ ಎಂದೂ ಇದ್ದುದಿಲ್ಲ. ರತ್ನಗಿರಿ ಬೋರೆಯ ಏರಿನಲ್ಲಿ ಎರಡು ದಿನ ಕಾಣಿಸಿಕೊಳ್ಳದಿದ್ದರೆ ಮೂರನೆಯ ದಿನ ಹೂವಿನವರೋ ಹಾಲಿನವರೋ ಎದುರುಮನೆಯ ಅಜ್ಜಿಯೋ ತಡೆದು ನಿಲ್ಲಿಸಿ ಆರೋಗ್ಯ ವಿಚಾರಿಸುವ ಊರು ಇದು. ಯಾರು ಎಷ್ಟು ಹೊತ್ತಿಗೆ ಮನೆ ಬಿಟ್ಟರು, ಯಾರು ಮಫ್ಲರ್ ಸುತ್ತಿಕೊಂಡು ಅರ್ಧ ಏರಿನಿಂದಲೇ ಹಿಂತಿರುಗಿದರು, ಯಾರು ನಡಿಗೆಯ ಹೆಸರಿನಲ್ಲಿ ಬೆಂಚಿನ ಮೇಲೆ ಕುಳಿತು ಕಾಫಿ ಧಾರಣೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡಿದರು ಎಂಬುದೆಲ್ಲ ಮಧ್ಯಾಹ್ನದೊಳಗೆ ಊರಿಗೆ ತಿಳಿದಿರುತ್ತದೆ. ಇಷ್ಟೆಲ್ಲ ಮಾಹಿತಿ ಬಿಟ್ಟಿಯಾಗಿ ಹರಿದಾಡುವ ಊರಿನಲ್ಲಿ, ಅದೇ ಮಾಹಿತಿಯನ್ನು ಉಪಗ್ರಹಗಳ ನೆರವಿನಿಂದ ಸಂಗ್ರಹಿಸಿ ಬಂಧುಬಾಂಧವರಿಗೆ ಹಂಚುವ ಆ್ಯಪ್‌ಗಳು ಇಷ್ಟು ಬೇಗ ಬೇರೂರಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ, ನಾನು ನಮ್ಮ ಮನೆಯ ಕಡೆ ಕೈ ತೋರಿಸುತ್ತೇನೆ. ತಾನು ನಡೆಯುವುದನ್ನು ಎಷ್ಟು ಜನ ನೋಡಿದರೂ ಮನುಷ್ಯನಿಗೆ ಸಾಲದು ಎಂಬುದಕ್ಕೆ ಅಲ್ಲಿ ಸಾಕಷ್ಟು ಪುರಾವೆಗಳಿವೆ.

ಈ ಗಾಳಿ ನಮ್ಮ ಮನೆಗೆ ಬೀಸಿದ್ದು ಭಾವನವರ ಮೂಲಕ. ಭಾವನವರು, ಎಂದರೆ ನಮ್ಮ ಮನೆಯವರ ಅಣ್ಣ, ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ಅವರು ಹಾಜರಿ ಪುಸ್ತಕವಿಲ್ಲದೆ ಬಡವಾಗಿದ್ದರು. ಬೆಂಗಳೂರಿನಲ್ಲಿರುವ ಮಗ ಹುಟ್ಟುಹಬ್ಬಕ್ಕೆಂದು ಮಣಿಕಟ್ಟಿಗೆ ಕಟ್ಟುವ ಬ್ಯಾಂಡ್ ಒಂದನ್ನು ತಂದುಕೊಟ್ಟು, ಅದಕ್ಕೆ ಸಂಬಂಧಿಸಿದ ಆ್ಯಪ್‌ನಲ್ಲಿ ಎಲ್ಲರನ್ನೂ ಗುಂಪಾಗಿ ಸೇರಿಸಿಕೊಳ್ಳಬಹುದು, ಯಾರು ಎಷ್ಟು ಹೆಜ್ಜೆ ನಡೆದರು ಎಂಬುದು ಇಳಿಕೆಯ ಕ್ರಮದಲ್ಲಿ ಪಟ್ಟಿಯಾಗಿ ಕಾಣುತ್ತದೆ ಎಂದು ವಿವರಿಸಿದ ದಿನ ಅವರ ಮುಖದಲ್ಲಿ ಮೂಡಿದ ಕಳೆಯನ್ನು ಅವರ ಷಷ್ಟ್ಯಬ್ದಿಯಲ್ಲಿಯೂ ನಾವು ಕಂಡಿರಲಿಲ್ಲ. ಒಂದು ವಾರದೊಳಗೆ ಕುಟುಂಬದ ನಡಿಗೆ ಬಳಗ ಸ್ಥಾಪನೆಯಾಯಿತು. ಭಾವ, ಅವರ ಹೆಂಡತಿ ಅಕ್ಕ, ನಮ್ಮ ಮನೆಯವರು, ನಾನು, ಕಡೂರಿನ ನಾದಿನಿ, ಆಲ್ದೂರಿನ ತೋಟದಲ್ಲಿರುವ ಚಿಕ್ಕಪ್ಪ, ಇವರೆಲ್ಲ ಸದಸ್ಯರು. ಎಂಬತ್ತು ದಾಟಿದ ಅತ್ತೆಯವರನ್ನು ಗೌರವ ಸದಸ್ಯೆಯೆಂದು ನೇಮಿಸಲಾಯಿತು. ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಬ್ಯಾಂಡ್‌ಗಳು ಎಲ್ಲರ ಕೈಯೇರಿದವು. ರಾತ್ರಿ ಹತ್ತು ಗಂಟೆಗೆ ಭಾವನವರು ಪಟ್ಟಿಯನ್ನು ವಾಟ್ಸ್‌ಆ್ಯಪ್‌ಗೆ ಹಾಕಿ, ಹಿಂದೆ ಬಿದ್ದವರ ಹೆಸರಿನ ಮುಂದೆ "ಗಮನಿಸಿ" ಎಂದು ಷರಾ ಬರೆಯತೊಡಗಿದರು.

ಹೆಜ್ಜೆ ಎಣಿಸುವ ಯಂತ್ರ ಹೊಸದೇನಲ್ಲ. 1964ರ ಟೋಕಿಯೋ ಒಲಿಂಪಿಕ್ಸ್‌ನಿಂದಾಗಿ ಜಪಾನಿನಲ್ಲಿ ವ್ಯಾಯಾಮದ ಹುಮ್ಮಸ್ಸು ಏರಿದ್ದಾಗ, ಯಮಾಸಾ ಎಂಬ ಸಂಸ್ಥೆ 1965ರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮಾಪಕವೊಂದನ್ನು ಮಾರುಕಟ್ಟೆಗೆ ತಂದು, ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂಬ ಅರ್ಥದ ಹೆಸರಿಟ್ಟಿತು. ಇಂದು ಭೂಮಂಡಲವನ್ನೆಲ್ಲ ಕಾಡುತ್ತಿರುವ ಹತ್ತು ಸಾವಿರದ ಸಂಖ್ಯೆ ಜನಪ್ರಿಯವಾದದ್ದು ಆ ಹೆಸರಿನಿಂದ. ಸಂಖ್ಯೆ ಗುಂಡಾಗಿತ್ತು, ನಾಲಿಗೆಗೆ ಸುಲಭವಾಗಿತ್ತು, ಉಳಿದುಕೊಂಡಿತು. 2006ರಲ್ಲಿ ನೈಕಿ ಮತ್ತು ಆ್ಯಪಲ್ ಕೂಡಿ ಬೂಟಿನೊಳಗೆ ಸಂವೇದಕ ಇಡುವ ವ್ಯವಸ್ಥೆ ತಂದವು. 2007ರಲ್ಲಿ ಹೆಜ್ಜೆ ಎಣಿಸುವ ಸಾಧನಗಳ ಫಿಟ್‌ಬಿಟ್ ಸಂಸ್ಥೆ ಹುಟ್ಟಿತು. ಆದರೆ ನಿಜವಾದ ಜಾಣತನ 2009ರಲ್ಲಿ ಆರಂಭವಾದ ಸ್ಟ್ರಾವಾ ಎಂಬ ಆ್ಯಪ್‌ನದು ಎಂದು ನನ್ನ ಅಭಿಪ್ರಾಯ. ಅದನ್ನು ಕಟ್ಟಿದ ಮಾರ್ಕ್ ಗೇನಿ ಮತ್ತು ಮೈಕಲ್ ಹೊರ್ವಾತ್ ಹಾರ್ವರ್ಡ್‌ನಲ್ಲಿ ಓದುವಾಗ ಒಂದೇ ದೋಣಿ ತಂಡದಲ್ಲಿ ಹುಟ್ಟು ಹಾಕಿದವರು. ಓದು ಮುಗಿದು ತಂಡ ಚದುರಿದ ಮೇಲೆ ಒಬ್ಬೊಬ್ಬರೇ ವ್ಯಾಯಾಮ ಮಾಡುವುದು ಬೇಸರವೆನಿಸಿ, ದೂರದಲ್ಲಿದ್ದುಕೊಂಡೇ ಒಬ್ಬರನ್ನೊಬ್ಬರು ಹುರಿದುಂಬಿಸುವ ದಾರಿಯನ್ನು ಹುಡುಕಿದರು. ಓಡಿದವನ ಲೆಕ್ಕ ಗೆಳೆಯರಿಗೆ ಕಾಣುತ್ತದೆ, ಗೆಳೆಯರು "ಕುಡೋಸ್" ಎಂಬ ಹೆಬ್ಬೆರಳು ಒತ್ತುತ್ತಾರೆ, ಅಷ್ಟೇ. 2025ರ ಹೊತ್ತಿಗೆ ಅದರ ಬಳಕೆದಾರರು 15 ಕೋಟಿ ದಾಟಿದ್ದಾರೆಂದು ಸಂಸ್ಥೆಯೇ ಹೇಳಿಕೊಂಡಿದೆ. ಅಷ್ಟೂ ಜನ ಆ ಹೆಬ್ಬೆರಳಿಗಾಗಿಯೇ ಬೆವರು ಸುರಿಸುತ್ತಾರೆ ಎಂದರೆ ಅತಿಶಯೋಕ್ತಿಯಾದೀತು. ಆದರೆ ಭಾವನವರು ಬೋರೆ ಇಳಿದು ಬಂದು ಕಾಫಿ ಲೋಟ ಕೈಯಲ್ಲಿ ಹಿಡಿದು, ಲೋಟದೊಳಗಿನ ಕಾಫಿ ಆರಿ ಕೆನೆಗಟ್ಟುವ ತನಕ ಯಾರು ಯಾರು ಹೆಬ್ಬೆರಳು ಒತ್ತಿದರು ಎಂದು ಪರದೆಯನ್ನು ಎಳೆದೆಳೆದು ನೋಡುವುದನ್ನು ಕಂಡವರಿಗೆ ಅದು ಅತಿಶಯೋಕ್ತಿಯೆನಿಸುವುದಿಲ್ಲ.

ಹತ್ತು ಸಾವಿರದ ಗುರಿಯಿಂದ ಮೊದಲ ಅನಾಹುತ ನಡೆದದ್ದು ನಮ್ಮ ಮನೆಯ ಮಹಡಿಯಲ್ಲಿ. ನಮ್ಮ ಮನೆಯವರು ಸ್ವಭಾವತಃ ಶಾಂತರು; ಜೀವಮಾನದಲ್ಲಿ ಯಾವ ಗುರಿಯ ಬೆನ್ನನ್ನೂ ಹತ್ತಿದವರಲ್ಲ. ಅಂಥವರು ರಾತ್ರಿ ಹನ್ನೊಂದೂವರೆಗೆ ಬ್ಯಾಂಡ್ ನೋಡಿಕೊಂಡು, ಇನ್ನೂ ಒಂಬೈನೂರು ಹೆಜ್ಜೆ ಬಾಕಿ ಇದೆಯೆಂದು ಹಾಸಿಗೆಯಿಂದೆದ್ದು, ಮಲಗುವ ಕೋಣೆಯಿಂದ ಅಡುಗೆಮನೆಗೂ ಅಡುಗೆಮನೆಯಿಂದ ದೇವರ ಕೋಣೆಯ ಬಾಗಿಲಿಗೂ ತಿರುಗತೊಡಗಿದರು. ಕೆಳಗಿನ ಮನೆಯಲ್ಲಿ ವಾಸವಾಗಿರುವ ನಮ್ಮ ಮಾಲೀಕರ ಹೆಂಡತಿ ಬಹಳ ಸೂಕ್ಷ್ಮ ಸ್ವಭಾವದವರು. ಕೆಲವು ರಾತ್ರಿ ಸಹಿಸಿಕೊಂಡು, ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ನನ್ನನ್ನು ಕಂಡು, ದನಿ ತಗ್ಗಿಸಿ, "ಮೇಡಂ, ತಪ್ಪು ತಿಳ್ಕೋಬೇಡಿ, ಯಜಮಾನರಿಗೆ ಏನಾದ್ರೂ ಸಾಲದ ಚಿಂತೆಯಾ? ರಾತ್ರಿಯೆಲ್ಲ ಓಡಾಡ್ತಿರ್ತಾರೆ" ಎಂದರು. ಸಾಲವಲ್ಲ, ಹೆಜ್ಜೆಯೆಂದು ನಾನು ವಿವರಿಸಿದೆ. ಅವರು ನಂಬಿದಂತೆ ಕಾಣಲಿಲ್ಲ. ಆ ಸಂಜೆ ಮಾಲೀಕರು ಮುಂದಿನ ತಿಂಗಳ ಬಾಡಿಗೆಯನ್ನು ಸ್ವಲ್ಪ ಮುಂಚಿತವಾಗಿ ಕೊಡಲಾದೀತೇ ಎಂದು ವಿಚಾರಿಸಿದರು.

ಇಷ್ಟಕ್ಕೂ ಈ ಹತ್ತು ಸಾವಿರಕ್ಕೆ ವೈದ್ಯಶಾಸ್ತ್ರದ ಅಂಥ ಒತ್ತಾಸೆಯೇನೂ ಇಲ್ಲ. ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಹೆಜ್ಜೆಗಳನ್ನು ಅಳೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 4,400 ಹೆಜ್ಜೆ ನಡೆಯುವವರಿಗೇ ಗಣನೀಯ ಪ್ರಯೋಜನ ಕಂಡುಬಂದಿತ್ತು, 7,500ರ ನಂತರ ಆ ಪ್ರಯೋಜನ ಹೆಚ್ಚುತ್ತಾ ಹೋಗಿರಲಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳಾದ ನಾನು ಈ ವಿಷಯವನ್ನು ಬಳಗದ ಗಮನಕ್ಕೆ ತಂದು, ಅತ್ತೆಯವರಿಗಾದರೂ ಗುರಿಯನ್ನು ಇಳಿಸಬಹುದೆಂದು ಸೂಚಿಸಿದೆ. ಭಾವನವರು ಅದನ್ನು ಓದಿ, "ರಿಯಾಯಿತಿ ಕೊಟ್ಟರೆ ಸುಸ್ತಿದಾರರು ಹೆಚ್ಚುತ್ತಾರೆ" ಎಂದು ಉತ್ತರಿಸಿದರು. ಸಹಕಾರ ಸಂಘದ ಅನುಭವ ಹಾಗೆ ಸುಲಭವಾಗಿ ಬಿಟ್ಟುಹೋಗುವಂಥದ್ದಲ್ಲ.

ಆದರೆ ವಿಧಿಯ ಆಟವೆಂದರೆ, ಸುಸ್ತಿದಾರರ ಪಟ್ಟಿಯಲ್ಲಿ ದಿನವೂ ಸ್ವತಃ ಭಾವನವರ ಹೆಸರೂ ಇರುತ್ತಿತ್ತು. ಅವರು ನಸುಕಿನಲ್ಲೆದ್ದು ಬೋರೆ ಹತ್ತಿ ಇಳಿದು, ಜಿಲ್ಲಾ ಆಟದ ಮೈದಾನವನ್ನು ಸುತ್ತಿ ಬರುತ್ತಿದ್ದುದು ಸುಳ್ಳಲ್ಲ. ದೋಷವಿದ್ದದ್ದು ಅವರ ಗತ್ತಿನಲ್ಲಿ. ಅವರದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎದೆ ಮುಂದೆ ಮಾಡಿ, ಸಂಘದ ಗೋದಾಮು ಪರಿಶೀಲಿಸುವವರಂತೆ ನಡೆಯುವ ಶೈಲಿ. ಬ್ಯಾಂಡಿನೊಳಗಿರುವ ವೇಗೋತ್ಕರ್ಷ ಮಾಪಕಕ್ಕೆ ಕಾಲು ಕಾಣುವುದಿಲ್ಲ. ಕೈಯ ಅಲುಗಾಟವನ್ನು ಮೂರು ದಿಕ್ಕಿನಲ್ಲಿ ಅಳೆದು, ಅದರ ಏರಿಳಿತ ನಡಿಗೆಯ ಲಯಕ್ಕೆ ಹೊಂದಿದರೆ ಅದನ್ನು ಹೆಜ್ಜೆಯೆಂದು ಬರೆದುಕೊಳ್ಳುತ್ತದೆ. ಬೆನ್ನ ಹಿಂದೆ ಕಟ್ಟಿದ ಕೈ ಬಹುಮಟ್ಟಿಗೆ ಸುಮ್ಮನಿರುತ್ತದೆ, ಆದುದರಿಂದ ಯಂತ್ರದ ದೃಷ್ಟಿಯಲ್ಲಿ ಭಾವನವರು ಬೋರೆಯ ಮೇಲೆ ಹೆಚ್ಚುಕಡಿಮೆ ನಿಂತೇ ಇದ್ದರು. ಕಾರಣ ತಿಳಿದ ಮರುದಿನದಿಂದ ಅವರು ಕೈಬೀಸಿ ನಡೆಯಲು ಅಭ್ಯಾಸ ಮಾಡಿದರು. ಅರುವತ್ತು ವರ್ಷ ಬೀಸದ ಕೈ ಒಮ್ಮೆಲೇ ಬೀಸಿದರೆ ಎಷ್ಟು ದೂರ ಹೋಗುತ್ತದೆ ಎಂಬ ಅಂದಾಜು ಅವರಿಗಿರಲಿಲ್ಲ. ಎದುರಿನಿಂದ ಬರುತ್ತಿದ್ದ ಹೂವಿನವಳ ಬುಟ್ಟಿಗೆ ತಗುಲಿ ಎರಡು ಮಾರು ಕನಕಾಂಬರ ರಸ್ತೆಪಾಲಾಯಿತು. ಹಣ ಕೊಟ್ಟು ಅಷ್ಟನ್ನೂ ಕೊಂಡು ತಂದರು. ಬಹಳ ವರ್ಷಗಳ ನಂತರ ಗಂಡನಿಂದ ಹೂವು ಪಡೆದ ಅಕ್ಕ, ಈ ಆ್ಯಪ್ ಒಳ್ಳೆಯದೇ ಎಂದು ಅಂದಿನಿಂದ ಹೇಳುತ್ತಿದ್ದಾರೆ.

ಇದೇ ಮಾಪಕದ ಇನ್ನೊಂದು ಗುಣ ಅತ್ತೆಯವರಿಗೆ ವರವಾಯಿತು. ಒಂದು ಶನಿವಾರ ರಾತ್ರಿ ಪಟ್ಟಿ ಬಂದಾಗ, ಮನೆಯ ಹೊಸ್ತಿಲು ದಾಟದ ಅತ್ತೆಯವರು ಮೊದಲ ಸ್ಥಾನದಲ್ಲಿದ್ದರು. ಭಾವನವರು ಯಂತ್ರ ಕೆಟ್ಟಿದೆಯೆಂದರು. ಯಂತ್ರ ಸರಿಯಾಗಿಯೇ ಇತ್ತು. ಅತ್ತೆಯವರು ಅಂದು ಹಾಲುಬಾಯಿ ಮಾಡಿದ್ದರು. ಅಕ್ಕಿ ಮತ್ತು ತೆಂಗಿನಕಾಯಿ ರುಬ್ಬಿ ಬೆಲ್ಲ ಕೂಡಿಸಿದ ಹಿಟ್ಟನ್ನು ಬಾಣಲೆಗೆ ಸುರಿದ ಮೇಲೆ, ಅದು ತಳ ಬಿಟ್ಟು ಮುದ್ದೆಯಾಗುವ ತನಕ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಗಂಟಾಗುತ್ತದೆ, ತಳ ಹಿಡಿಯುತ್ತದೆ. ಒಂದೇ ಲಯದಲ್ಲಿ ಸಾಗುವ ಆ ತಿರುವುವಿಕೆ ಯಂತ್ರಕ್ಕೆ ಬಿರುಸಾದ ನಡಿಗೆಯಂತೆ ಕಂಡಿತ್ತು. ಆ ಲೆಕ್ಕದಲ್ಲಿ ಅತ್ತೆಯವರು ಒಲೆಯ ಮುಂದೆ ನಿಂತಲ್ಲೇ ಮೂಗ್ತಿಹಳ್ಳಿಯ ಕಡೆಗೆ ಹೊರಟು ಸಾಕಷ್ಟು ದೂರ ಸಾಗಿದ್ದರು. ಚಪಾತಿ ಲಟ್ಟಿಸುವುದು, ಬಟ್ಟೆ ಒಗೆಯುವುದು, ಮೊಸರು ಕಡೆಯುವುದು ಇವೆಲ್ಲಕ್ಕೂ ಸ್ವಲ್ಪ ಸ್ವಲ್ಪ ಹೆಜ್ಜೆ ಜಮೆಯಾಗುತ್ತದೆಂದು ಕ್ರಮೇಣ ತಿಳಿದುಬಂದಿತು. ಹೆಂಗಸರ ಮನೆಗೆಲಸವನ್ನು ಎಣಿಕೆಗೆ ತೆಗೆದುಕೊಂಡ ಮೊದಲ ಲೆಕ್ಕಿಗ ಈ ಬ್ಯಾಂಡೇ ಎಂದು ಅಕ್ಕ ಅಂದರೆ ಅದನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ, ಅದು ಯಂತ್ರದ ದೋಷದಿಂದ ಆದದ್ದಾದರೂ ಸರಿಯೇ.

ಇದರ ತದ್ವಿರುದ್ಧ ಉದಾಹರಣೆ ಆಲ್ದೂರಿನ ಚಿಕ್ಕಪ್ಪ. ನಮ್ಮ ಬಳಗದಲ್ಲಿ ನಿಜವಾಗಿ ಕಾಲು ಸವೆಸುವವರೆಂದರೆ ಅವರೊಬ್ಬರೇ. ಬೆಳಿಗ್ಗೆ ತಿಂಡಿ ತಿಂದು ಕತ್ತಿ ಹಿಡಿದು ತೋಟಕ್ಕೆ ಇಳಿದರೆ, ಇಳಿಜಾರಿನಲ್ಲಿ ಹತ್ತಿ ಇಳಿದು, ತೊರೆ ದಾಟಿ, ಮೆಣಸಿನ ಬಳ್ಳಿ ನೋಡಿ, ಆನೆ ಬಂದಿತ್ತೇ ಎಂದು ಬೇಲಿ ನೋಡಿ ಮನೆ ಸೇರುವಾಗ ಮಧ್ಯಾಹ್ನ ಎರಡಾಗಿರುತ್ತದೆ. ಬ್ಯಾಂಡ್ ಕಟ್ಟಿದರೆ ಬೆವರಿಗೆ ತುರಿಕೆಯೆಂದು ಅವರು ಅದನ್ನು ಕಟ್ಟುವುದಿಲ್ಲ. ಮೊಬೈಲಿನಲ್ಲಿಯೂ ಹೆಜ್ಜೆ ಎಣಿಸಬಹುದು, ನಿಜ. ಆದರೆ ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆಯ ಕಿಟಕಿಯ ಎಡ ಮೂಲೆಯೊಂದರಲ್ಲಿ ಮಾತ್ರ, ಆದ್ದರಿಂದ ಮೊಬೈಲಿನ ಖಾಯಂ ವಿಳಾಸ ಆ ಕಿಟಕಿ. ದಿನವಿಡೀ ನಡೆದ ಚಿಕ್ಕಪ್ಪನ ಹೆಸರಿನ ಮುಂದೆ ರಾತ್ರಿ ಸೊನ್ನೆ ಕಾಣುತ್ತದೆ, ಜೊತೆಗೆ "ಗಮನಿಸಿ" ಎಂಬ ಷರಾ ಕೂಡ. ಒಮ್ಮೆ ಮಾತ್ರ ಅವರ ಖಾತೆಯಲ್ಲಿ ನಲವತ್ತು ಹೆಜ್ಜೆ ದಾಖಲಾಗಿ, ಎಲ್ಲರೂ ಹೆಬ್ಬೆರಳು ಒತ್ತಿ ಅಭಿನಂದಿಸಿದೆವು. ವಿಚಾರಿಸಿದರೆ, ಮಂಗವೊಂದು ಕಿಟಕಿಯಿಂದ ಮೊಬೈಲ್ ಎತ್ತಿಕೊಂಡು ಅಂಗಳದ ತನಕ ಹೋಗಿತ್ತಂತೆ.

ಇನ್ನು ಮಳೆಗಾಲದ ಅನ್ಯಾಯವನ್ನು ಹೇಳದಿದ್ದರೆ ನಮ್ಮ ಜಿಲ್ಲೆಯ ಭೂಗೋಳಕ್ಕೆ ಅಪಚಾರವಾದೀತು. ಚಿಕ್ಕಮಗಳೂರು ಜಿಲ್ಲೆಯೆಂದರೆ ಎಲ್ಲೆಲ್ಲೂ ಮಳೆ ಎಂದು ಹೊರಗಿನವರು ತಿಳಿದಿರುತ್ತಾರೆ. ಆದರೆ ಗಿರಿಸಾಲಿನ ಈಚೆಗೆ ನಲವತ್ತು ಕಿಲೋಮೀಟರ್ ಹೋದರೆ ಸಿಗುವ ಕಡೂರು ತೆಂಗು ಮತ್ತು ರಾಗಿಯ ಬಯಲುಸೀಮೆ. ಆಷಾಢದಲ್ಲಿ ಇಲ್ಲಿ ನಾವು ಕೊಡೆ ಬಿಚ್ಚಿದರೆ ಮಡಿಸುವ ಅವಕಾಶವಿಲ್ಲದೆ ಒದ್ದಾಡುವಾಗ, ಕಡೂರಿನ ನಾದಿನಿ ಒಣ ರಸ್ತೆಯಲ್ಲಿ ಹಾಯಾಗಿ ನಡೆದು ದಿನವೂ ಮೊದಲ ಸ್ಥಾನ ಪಡೆಯುತ್ತಾಳೆ. ಹಟ ಹಿಡಿದು ಕೊಡೆಯೊಂದಿಗೆ ಹೊರಟರೂ ಉಪಯೋಗವಿಲ್ಲ. ಬ್ಯಾಂಡ್ ಕಟ್ಟಿದ ಕೈ ಕೊಡೆ ಹಿಡಿದು ಕಂಬದಂತೆ ನಿಂತಿರುವುದರಿಂದ ಅರ್ಧ ಹೆಜ್ಜೆಗಳು ಮಳೆಯಲ್ಲೇ ಕೊಚ್ಚಿಹೋಗುತ್ತವೆ. ನಾದಿನಿ ಆಗಾಗ ಕರೆ ಮಾಡಿ, "ಏನತ್ತಿಗೆ, ಇವತ್ತು ಒಂದೂವರೆ ಸಾವಿರಕ್ಕೇ ನಿಂತುಬಿಟ್ರಿ? ಕಾಲು ನೋವಾ?" ಎಂದು ಕಾಳಜಿ ತೋರುತ್ತಾಳೆ. ಆ ಕಾಳಜಿಯನ್ನು ಕೇಳಿದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗುವುದಿಲ್ಲ. ಶಾಲೆಯ ಜಗಲಿಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ಒಂಬತ್ತನೆಯ ತರಗತಿಯಿಂದ ಕಚೇರಿಯ ತನಕ ನಾನು ತಿರುಗುತ್ತಿದ್ದುದನ್ನು ಕಂಡ ಮಕ್ಕಳು, ಮೇಡಂ ಯಾರನ್ನೋ ಹಿಡಿಯಲು ಕಾಯುತ್ತಿದ್ದಾರೆಂದು ಭಾವಿಸಿ ಇಡೀ ತಿಂಗಳು ಅಸಾಧಾರಣ ಶಿಸ್ತಿನಿಂದಿದ್ದರು.

ಈ ನಾದಿನಿ ಅತ್ತಿಗೆಯರ ಪೈಪೋಟಿ ನಮ್ಮ ಮನೆತನದ ವಿಶೇಷವೆಂದು ಯಾರೂ ನಗಬೇಕಾಗಿಲ್ಲ, ಇದಕ್ಕೆ ಶಾಸ್ತ್ರಾಧಾರವಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿನಾನ್ ಅರಲ್ ಮತ್ತು ಕ್ರಿಸ್ಟೋಸ್ ನಿಕೊಲೈಡಿಸ್ ಎಂಬಿಬ್ಬರು, ಇಂಥ ಜಾಲವೊಂದರಲ್ಲಿದ್ದ ಸುಮಾರು 11 ಲಕ್ಷ ಓಟಗಾರರ ಐದು ವರ್ಷಗಳ ದಾಖಲೆಯನ್ನು ಪರಿಶೀಲಿಸಿ 2017ರಲ್ಲಿ ಪ್ರಬಂಧ ಪ್ರಕಟಿಸಿದರು. ಓಡುವವರ ಗೆಳೆಯರೂ ಓಡುವವರೇ ಆಗಿರುತ್ತಾರೆ, ಹಾಗಿರುವಾಗ ಯಾರಿಂದ ಯಾರಿಗೆ ಚಟ ಅಂಟಿತು ಎಂದು ತಿಳಿಯುವುದು ಹೇಗೆ? ಅವರು ಅದಕ್ಕೆ ಹವಾಮಾನದ ಮೊರೆ ಹೋದರು. ಒಂದು ಊರಿನಲ್ಲಿ ಹವೆ ಚೆನ್ನಾಗಿದ್ದು ಅಲ್ಲಿನವರು ಹೆಚ್ಚು ಓಡಿದ ದಿನ, ಬೇರೆ ಹವೆಯಿರುವ ಇನ್ನೊಂದು ಊರಿನ ಗೆಳೆಯರು ಏನು ಮಾಡಿದರು ಎಂದು ನೋಡಿದರು. ಅವರೂ ಹೆಚ್ಚು ಓಡಿದ್ದರು. ಕಡೂರಿನ ಬಿಸಿಲು ಚಿಕ್ಕಮಗಳೂರಿನ ಮಳೆಯಲ್ಲಿ ನನ್ನನ್ನು ನಡೆಸುತ್ತದೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ಅದೇ ಪ್ರಬಂಧ ಇನ್ನೂ ಎರಡು ಸಂಗತಿ ಹೇಳುತ್ತದೆ. ಕಡಿಮೆ ಓಡುವವರು ಹಿಂದಿನಿಂದ ಅಟ್ಟಿಸಿಕೊಂಡು ಬಂದಾಗ ಹೆಚ್ಚು ಓಡುವವರು ಇನ್ನೂ ಓಡುತ್ತಾರೆ. ಮುಂದಿರುವವರನ್ನು ಕಂಡು ಹಿಂದಿರುವವರಿಗೆ ಬರುವ ಉತ್ಸಾಹ ಅಷ್ಟಿಲ್ಲ. ಎರಡನೆಯದಾಗಿ, ಗಂಡಸರು ಗಂಡಸರಿಂದಲೂ ಹೆಂಗಸರಿಂದಲೂ ಪ್ರಭಾವಿತರಾಗುತ್ತಾರೆ, ಹೆಂಗಸರು ಮಾತ್ರ ಹೆಂಗಸರಿಂದಲೇ ಪ್ರಭಾವಿತರಾಗುತ್ತಾರೆ. ಇದನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದಾಗ ನಮ್ಮ ಮನೆಯವರು, ಇಷ್ಟು ತಿಳಿಯಲು 11 ಲಕ್ಷ ಜನ ಬೇಕಾಗಿತ್ತೇ, ತನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನಲ್ಲ ಎಂದರು.

ಅವರ ಸಂಕಟ ಬೇರೆ ಬಗೆಯದು. ಅವರಿಗೆ ಸಕ್ಕರೆ ಕಾಯಿಲೆ ಆರಂಭದ ಹಂತದಲ್ಲಿದೆ, ಬೆಳಗಿನ ನಡಿಗೆ ವೈದ್ಯರ ಆದೇಶ. ಬರಿಯ ಹೆಜ್ಜೆ ಎಣಿಸುತ್ತಿದ್ದ ತನಕ ಮನೆಯಲ್ಲಿ ನೆಮ್ಮದಿಯಿತ್ತು. ಬೆಂಗಳೂರಿನ ಹುಡುಗ ರಜೆಗೆ ಬಂದಾಗ, ನಡೆದ ದಾರಿಯನ್ನೂ ನಕ್ಷೆಯಲ್ಲಿ ತೋರಿಸುವ ವ್ಯವಸ್ಥೆಯನ್ನು ಎಲ್ಲರ ಮೊಬೈಲಿನಲ್ಲಿ ಚಾಲನೆ ಮಾಡಿಕೊಟ್ಟು ಹೋದ. ಮರುದಿನ ಬೆಳಿಗ್ಗೆ ನಮ್ಮ ಮನೆಯವರ ದಾರಿ ಕೆಂಪು ಗೆರೆಯಾಗಿ ಬಳಗದ ಮುಂದೆ ಬಂದಿತು. ಮನೆಯಿಂದ ಹೊರಟ ಗೆರೆ ಬೋರೆಯ ದಿಕ್ಕಿಗೆ ಸ್ವಲ್ಪ ದೂರ ಹೋಗಿ, ಏನೋ ನೆನಪಾದಂತೆ ಎಡಕ್ಕೆ ತಿರುಗಿ, ಎಂ.ಜಿ. ರಸ್ತೆಯ ಹಿಂಬದಿಯ ಹೋಟೆಲೊಂದರ ಬಳಿ ಗಂಟಾಗಿತ್ತು. ಜಿಪಿಎಸ್‌ನ ಸಂಕೇತ ಗೋಡೆಗಳ ನಡುವೆ ತಡವರಿಸುವುದರಿಂದ, ಕುಳಿತವನ ಸ್ಥಾನ ಒಂದೇ ಬಿಂದುವಾಗಿರದೆ ಸುತ್ತಲೂ ಅಲೆದಾಡಿದಂತೆ ಕಾಣುತ್ತದೆ. ಆ ಅಲೆದಾಟದ ಗಂಟು ಎಷ್ಟು ದಟ್ಟವಾಗಿತ್ತೆಂದರೆ, ಅವರು ಒಂದು ದೋಸೆಗೆ ನಿಂತವರಲ್ಲವೆಂದು ಮೊದಲ ನೋಟಕ್ಕೇ ಸ್ಪಷ್ಟವಾಗುತ್ತಿತ್ತು. ನಾನು ಏನೂ ಹೇಳುವ ಮೊದಲೇ ಕಡೂರಿನಿಂದ ನಾದಿನಿ ಬರೆದಳು: "ಅಣ್ಣ, ಅಲ್ಲಿ ಬೆಣ್ಣೆ ಖಾಲಿ ಚೆನ್ನಾಗಿರುತ್ತಲ್ವಾ?" ಮರುದಿನದಿಂದ ಅವರು ಹೋಟೆಲು ಬರುವ ಮುನ್ನ ಆ್ಯಪ್ ಅನ್ನು ತಡೆಹಿಡಿದು, ಹೊರಬಂದು ಸ್ವಲ್ಪ ದೂರ ನಡೆದ ಮೇಲೆ ಚಾಲನೆ ಮಾಡತೊಡಗಿದರು. ಎರಡು ಬಿಂದುಗಳ ನಡುವೆ ಆ್ಯಪ್ ನಿಷ್ಠೆಯಿಂದ ನೇರ ಗೆರೆ ಎಳೆಯಿತು. ಅದರ ಪ್ರಕಾರ ಅವರು ದಿನವೂ ಮೂರು ಮನೆ ಮತ್ತು ಒಂದು ಮಂಡಿಯ ಗೋಡೆಗಳನ್ನು ತೂರಿಕೊಂಡು ಹೋಗುತ್ತಿದ್ದರು.

ಗುಟ್ಟು ಬಯಲಾದವರಲ್ಲಿ ಅವರು ಮೊದಲಿಗರಲ್ಲ, ದೊಡ್ಡವರೂ ಅಲ್ಲ. ಸ್ಟ್ರಾವಾ 2017ರ ನವೆಂಬರ್‌ನಲ್ಲಿ ಜಗತ್ತಿನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಬೆಳಕಿನ ಗೆರೆಗಳಾಗಿಸಿದ ನಕ್ಷೆಯನ್ನು ಪ್ರಕಟಿಸಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಅದನ್ನು ನೋಡುತ್ತಾ, ಸಿರಿಯಾ ಮತ್ತು ಅಫ್ಘಾನಿಸ್ತಾನದ ನಿರ್ಜನ ಪ್ರದೇಶಗಳಲ್ಲಿ ಅಚ್ಚುಕಟ್ಟಾಗಿ ಹೊಳೆಯುವ ಗೆರೆಗಳು ಸೇನಾ ನೆಲೆಗಳ ಒಳಗೆ ಸೈನಿಕರು ಓಡಾಡಿದ ಜಾಡುಗಳೆಂದು ತೋರಿಸಿಕೊಟ್ಟ. 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಲ ಮೊಂದ್ ಪತ್ರಿಕೆ, ರಾಷ್ಟ್ರಾಧ್ಯಕ್ಷರ ಅಂಗರಕ್ಷಕರು ಬಹಿರಂಗವಾಗಿಟ್ಟ ಓಟದ ದಾಖಲೆಗಳಿಂದ ಅಧ್ಯಕ್ಷರ ತಂಗುದಾಣಗಳನ್ನೇ ಪತ್ತೆ ಮಾಡಬಹುದೆಂದು ಬರೆಯಿತು. ಇಷ್ಟು ದೊಡ್ಡ ಪಡೆಗಳಿಗೆ ಸಾಧ್ಯವಾಗದ ಗೋಪ್ಯತೆ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರಿಗೆ ಸಾಧ್ಯವಾಗುವುದಾದರೂ ಹೇಗೆ? ವಿಪರೀತ ಜ್ವರವೆಂದು ರಜೆ ಹಾಕಿದ ಅವರು, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಸರ್ಪದಾರಿಯಿಂದ ಹತ್ತಿದ ವಿವರ ಹತ್ತು ಗಂಟೆಗೆ ತಾನಾಗಿಯೇ ಪ್ರಕಟವಾಯಿತು. ಮೊದಲ ಹೆಬ್ಬೆರಳು ನಮ್ಮ ಮುಖ್ಯೋಪಾಧ್ಯಾಯಿನಿಯವರದು. ಕೆಳಗೆ ಅವರು "ಬೇಗ ಗುಣಮುಖರಾಗಿ" ಎಂದು ಹಾರೈಸಿದ್ದರು. ಮನೆಯ ಸುತ್ತಮುತ್ತಲಿನ ದಾರಿಯನ್ನು ಮರೆಮಾಡುವ, ಎಲ್ಲವನ್ನೂ ತನಗೊಬ್ಬನಿಗೇ ಇಟ್ಟುಕೊಳ್ಳುವ ಸೌಲಭ್ಯಗಳು ಆ್ಯಪ್‌ಗಳಲ್ಲಿ ಇವೆ. ಆದರೆ ಮರೆಮಾಡಿದರೆ ಹೆಬ್ಬೆರಳು ಬರುವುದಿಲ್ಲ. ಶಿಖರ ಹತ್ತಿದವರಿಗೆ ಆ ತ್ಯಾಗ ಕಷ್ಟ.

ನಕ್ಷೆಯೂ ಸದಾ ಸತ್ಯವನ್ನೇ ನುಡಿಯುತ್ತದೆಂದು ತಿಳಿಯಬಾರದು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಕನಿಷ್ಠ ನಾಲ್ಕರಿಂದಾದರೂ ಸಂಕೇತ ಬಂದರೆ ಮೊಬೈಲು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಅಷ್ಟು ದೂರದಿಂದ ಬಂದು ನಿತ್ರಾಣವಾದ ಸಂಕೇತಕ್ಕೆ ನಮ್ಮ ಕಡೆಯ ಮರಗಳ ಒದ್ದೆ ಎಲೆಗಳು ಸಾಲು ಸಾಲಾಗಿ ಅಡ್ಡ ನಿಲ್ಲುತ್ತವೆ. ತೆರೆದ ಬಯಲಿನಲ್ಲಿ ಐದಾರು ಮೀಟರಿನಷ್ಟಿರುವ ತಪ್ಪು ಮರಗಳಡಿ ಬೆಳೆಯುತ್ತಾ ಹೋಗುತ್ತದೆ. ದಂಟರಮಕ್ಕಿ ಕೆರೆಯ ದಡದಲ್ಲಿ ನಡೆದ ನಮ್ಮ ಮನೆಯವರ ಗೆರೆ ಒಂದು ದಿನ ದಡ ಬಿಟ್ಟು ನೀರಿಗಿಳಿದು, ಕೆರೆಯೊಳಗೆ ಸಾಕಷ್ಟು ದೂರ ಹೋಗಿ ಹಿಂತಿರುಗಿತ್ತು. ಅದನ್ನು ಮೊಬೈಲಿನಲ್ಲಿ ಕಂಡ ಅತ್ತೆಯವರು ಕೂಡಲೇ ಕರೆ ಮಾಡಿ, "ಏನೋ ಅದು, ಈ ವಯಸ್ಸಲ್ಲಿ ಕೆರೆಗೆ ಯಾಕೋ ಇಳಿದೆ? ಮನೇಲಿ ಏನಾದ್ರೂ ಮಾತಾಯ್ತಾ?" ಎಂದು ಕೇಳಿದರು. ಮಾಲೀಕರ ಹೆಂಡತಿಗೆ ಈ ವಿಷಯ ತಿಳಿಯದಂತೆ ನಾವು ಎಚ್ಚರ ವಹಿಸಿದೆವು.

ಬೆಂಗಳೂರಿನ ಹುಡುಗನದು ಇನ್ನೂ ಬೇರೆ ಕಥೆ. ಓಟಗಾರರ ಆ್ಯಪ್‌ಗಳಲ್ಲಿ ರಸ್ತೆಯ ಒಂದೊಂದು ತುಣುಕಿಗೂ ವೇಗದ ಪಟ್ಟಿಯಿರುತ್ತದೆ. ಆ ತುಣುಕನ್ನು ಅತಿ ಬೇಗ ಕ್ರಮಿಸಿದವರಿಗೆ ಕಿರೀಟ. ಆತ ಕೈಮರದ ತನಕ ಓಡಿ, ಆ್ಯಪ್ ನಿಲ್ಲಿಸದೆ ಗೆಳೆಯರ ಜೀಪ್ ಹತ್ತಿ ಗಿರಿಗೆ ಹೋದ. ಸಂಜೆಯ ಹೊತ್ತಿಗೆ ಘಾಟಿಯ ಏರಿನ ಕಿರೀಟ ಅವನ ಪಾಲಾಗಿ, ಭಾವನವರು "ಕುಟುಂಬದ ಹೆಮ್ಮೆ" ಎಂದು ಎಲ್ಲೆಡೆ ಕಳಿಸಿಯಾಗಿತ್ತು. ಯಾರೋ ಆಕ್ಷೇಪಣೆ ಸಲ್ಲಿಸಿದ್ದರಿಂದ ಬೆಳಗಾಗುವುದರೊಳಗೆ ಕಿರೀಟ ಇಳಿಯಿತು. ಭಾವನವರು ಹಿಂದಿನ ಸಂದೇಶವನ್ನು ಅಳಿಸದೆ, ಅದರ ಕೆಳಗೆ "ರದ್ದುಪಡಿಸಿದೆ" ಎಂದು ದಿನಾಂಕ ಸಹಿತ ಬರೆದರು.

ಇಂಡೊನೇಷ್ಯಾದಲ್ಲಿ 2024ರಲ್ಲಿ, ಹಣ ಪಡೆದು ಬೇರೆಯವರ ಮೊಬೈಲ್ ಹಿಡಿದು ಅವರ ಪರವಾಗಿ ಓಡಿಕೊಡುವ ಯುವಕರು ಹುಟ್ಟಿಕೊಂಡಿದ್ದರೆಂದು ಸುದ್ದಿಯಾಗಿತ್ತು. ನಮ್ಮಲ್ಲಿ ಅಷ್ಟು ಖರ್ಚಿಲ್ಲ. ಅಕ್ಕನ ಮೊಮ್ಮಗ ಬೇಸಿಗೆ ರಜೆಗೆ ಬಂದಿದ್ದಾಗ ಅವನ ಕೈಗೆ ಬ್ಯಾಂಡ್ ಕಟ್ಟಿ ಖೋ ಖೋ ಆಡಲು ಬಿಟ್ಟು, ಒಂದು ಐಸ್‌ಕ್ರೀಮಿನ ದರದಲ್ಲಿ ಅಕ್ಕ ಒಂದೇ ಸಂಜೆ ಎರಡನೆಯ ಸ್ಥಾನಕ್ಕೇರಿದ್ದರು. ಬ್ಯಾಂಡು ಅವರ ಹೃದಯ ಬಡಿತವನ್ನೂ ದಾಖಲಿಸಿ ನಿಮಿಷಕ್ಕೆ ನೂರೆಂಬತ್ತು ಎಂದು ತೋರಿಸಿದ್ದರಿಂದ, ಭಾವನವರು ಆಟೋ ಕರೆಸಿ ಹೆಂಡತಿಯನ್ನು ಆಸ್ಪತ್ರೆಗೆ ಹೊರಡಿಸಿದರು. ಆಟೋ ಹತ್ತಿದ ಮೇಲೆ ಅಕ್ಕ ನಿಜ ಹೇಳಿದರು.

ಈ ಎಲ್ಲ ಪ್ರಕರಣಗಳ ಹಿನ್ನೆಲೆಯಲ್ಲಿ, ದೀಪಾವಳಿಗೆ ಎಲ್ಲರೂ ಭಾವನವರ ಮನೆಯಲ್ಲಿ ಸೇರಿದ್ದಾಗ ಬಳಗದ ಸರ್ವಸದಸ್ಯರ ಸಭೆ ಕರೆಯಲಾಯಿತು. ಭಾವನವರು ನಿಯಮಗಳ ಕರಡನ್ನು ಓದಿದರು. ವಾಹನದಲ್ಲಿ ಸಂಪಾದಿಸಿದ ದೂರ ಅಸಿಂಧು. ಅಪ್ರಾಪ್ತ ವಯಸ್ಕರ ಕಾಲುಗಳನ್ನು ಬಳಸತಕ್ಕದ್ದಲ್ಲ. ತೋಟದಲ್ಲಿರುವ ಸದಸ್ಯರ ಹೆಜ್ಜೆಗಳನ್ನು ಅವರ ಮೌಖಿಕ ಹೇಳಿಕೆಯ ಮೇಲೆ ಅಂಗೀಕರಿಸಬಹುದು. ಇವಿಷ್ಟೂ ಅವಿರೋಧವಾಗಿ ಅಂಗೀಕಾರವಾದವು. ನಾಲ್ಕನೆಯದನ್ನು ಓದುವಾಗ ಭಾವನವರು ಕನ್ನಡಕ ಸರಿಪಡಿಸಿಕೊಂಡು ಸ್ವಲ್ಪ ಅವಸರವಾಗಿ ಓದಿದರು: ಅಡುಗೆಮನೆಯಲ್ಲಿ ಕಾಲು ಕದಲಿಸದೆ ಕೈಯಿಂದ ಮಾತ್ರ ಸಂಪಾದಿಸಿದ ಹೆಜ್ಜೆಗಳನ್ನು ಪರಿಗಣಿಸತಕ್ಕದ್ದಲ್ಲ.

ಒಳಗೆ ಬಾಣಲೆಯ ಮುಂದೆ ನಿಂತಿದ್ದ ಅತ್ತೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಆಗ್ಲಿ ಬಿಡಪ್ಪ, ಹಾಗೇ ಬರ್ಕೊ. ಹಾಲುಬಾಯಿ ಬೇಕಾದೋರು ಬಂದು ತಿರುವ್ಕೊಳ್ಲಿ, ಹೆಜ್ಜೆನೂ ಅವರಿಗೇ ಸೇರ್ಲಿ" ಎಂದು ಸೌಟನ್ನು ಮಗನ ಕಡೆ ಚಾಚಿದರು. ಬಾಣಲೆಯಲ್ಲಿದ್ದ ಹಿಟ್ಟು ಆಗಲೇ ಗಂಟುಕಟ್ಟುವ ಹಂತದಲ್ಲಿತ್ತು, ಸಭೆಗೆ ಅದು ತಿಳಿದಿತ್ತು. ವಿವರವಾದ ಚರ್ಚೆಯ ನಂತರ ನಾಲ್ಕನೆಯ ನಿಯಮವನ್ನು ಕೈಬಿಡಲಾಯಿತು ಎಂದು ನಡಾವಳಿಯಲ್ಲಿ ದಾಖಲಾಗಿದೆ; ಚರ್ಚೆ ನಡೆದದ್ದನ್ನು ನಾನಂತೂ ಕೇಳಲಿಲ್ಲ.

ಊಟವಾದ ಮೇಲೆ ನಾದಿನಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹಾಲುಬಾಯಿಯನ್ನು ಎಷ್ಟು ಹೊತ್ತು ತಿರುವಬೇಕು, ಎರಡು ಸೇರು ಅಕ್ಕಿ ಹಾಕಿದರೆ ಇನ್ನೂ ಹೆಚ್ಚು ಹೊತ್ತಾದೀತೇ ಎಂದು ಕೇಳಿದಳು. ಬೆಲ್ಲ ಎಷ್ಟು ಹಾಕಬೇಕೆಂದು ಕೇಳಲಿಲ್ಲ.